ಬೆರಳಿಗೆ ತಿಳಿಯದ ಸಂದು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಉದ್ದಪ್ಪನವರ ಫಿಯಾಟ್ ಹತ್ತಿ ಗಂಡನ ಮನೆಗೆ ಹೋದವರು ಈಗ ಅಜ್ಜಿಯಂದಿರಾಗಿದ್ದಾರೆ. ಸೊಸೆ ವಿದ್ಯಾಳಿಗೆ ಮಾತ್ರ ಆ ಗಾಡಿಯ ಮೇಲೆ ನಂಬಿಕೆ ಇರಲಿಲ್ಲ. ಹೋದ ವಾರವಷ್ಟೇ ಅದು ಮೂಡಲಗಿ ದಾರಿಯಲ್ಲಿ ಕೆಮ್ಮಿ ಕೆಮ್ಮಿ ನಿಂತು, ಅವಳ ಕೂಸು ಬಿಸಿಲಲ್ಲಿ ಒಂದು ತಾಸು ಅತ್ತಿತ್ತು. ಇವತ್ತು ಹುಕ್ಕೇರಿಯ ತವರಿನಲ್ಲಿ ಕೂಸಿನ ಜಾವಳ, ಮೊದಲ ಕೂದಲು ತೆಗೆಸುವ ಶಾಸ್ತ್ರ.

"ಬಸ್ಸಿಗೆ ಹೋಗೋಣ್ರಿ, ಮಾಂವಾರ."

"ಯಾಕ, ನನ್ನ ಗಾಡಿಗೇನು ರೋಗ ಬಡದೈತಿ? ಪ್ಲಗ್ ಸವದಿದ್ದು. ಹೊಸಾವು ತಂದೇನಿ."

ಗೋಕಾಕದ ಅಂಗಡಿಯಲ್ಲಿ ಹಳೆಯ ಪ್ಲಗ್ಗಿನ ಪಕ್ಕ ಹಿಡಿದು, ತಿರುಗಿಸಿ ಕೂರಿಸುವ ಥ್ರೆಡ್ ಅಷ್ಟೇ ಉದ್ದ ಇದ್ದವನ್ನೇ ಆರಿಸಿದ್ದರು. ಉದ್ದ ಹೆಚ್ಚಾದರೆ ಒಳಗೆ ಪಿಸ್ಟನ್ನಿಗೆ ಬಡಿಯುತ್ತದೆ. ಇನ್ನು ಉಳಿದದ್ದು ತುದಿಯಲ್ಲಿ ಕಿಡಿ ಹಾರುವ ಸಂದು. ಅದನ್ನು ಅಳೆಯಲು ಅವರ ಬಳಿ ಇದ್ದದ್ದು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ, ಹಲ್ಲು ಅರದಿಂದ ಸವೆಸಿದ ತುಂಡು. ಕಣ್ಣಿನ ಕೆಲಸವಲ್ಲ. ಬ್ಲೇಡು ಹಾಯುವಾಗ ಬೆರಳಿಗೆ ತುಸು ಹಿಡಿದಂತಾಗಬೇಕು, ಅಷ್ಟೇ.

ಅವರು ಮುಗಿಸಿಟ್ಟ ಪ್ಲಗ್ಗುಗಳಿಗೆ ವಿದ್ಯಾ ತಾನೇ ಬ್ಲೇಡು ತೂರಿಸಿ ನೋಡಿದಳು.

"ಇದು ಸಡ್ಲ ಐತ್ರಿ. ಇನ್ನೊಂದರಾಗ ಹೋಗೂದ ಇಲ್ಲ."

"ಸಾಲಿ ಕಲತಾಕಿ, ನನಗ ಗಾಡಿ ಕಲಸ್ತಿ ಏನವಾ?" ಎಂದು ನಕ್ಕು ಕಸಿದುಕೊಂಡರು. ಬ್ಲೇಡು ಹಾಯಿಸಿದರು. ಮತ್ತೆ ಹಾಯಿಸಿದರು. ನಗು ನಿಂತಿತು.

ಬೆಳಿಗ್ಗೆ ಸುಡುವ ಚಹಾದ ಸ್ಟೀಲ್ ಲೋಟವನ್ನು ಅವರು ಬರಿಗೈಯಲ್ಲಿ ಹಿಡಿದೇ ಕೂತದ್ದು ವಿದ್ಯಾಳಿಗೆ ನೆನಪಾಯಿತು. ಅವರಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ.

"ಬೆರಳಿಗೆ ಗೊತ್ತಾಗಲಾರದ್ದು ಯಾವಾಗಿಂದ್ರಿ?"

"ಯುಗಾದಿಯಿಂದ. ನಿನ್ನ ಗಂಡಗ ಹೇಳಬ್ಯಾಡ." ಬ್ಲೇಡನ್ನು ಅವಳ ಕೈಗಿಟ್ಟರು. "ನೀನ ನೋಡು. ಹಿಡದಂಗ ಆದ್ರ ಹೇಳು."

ಸಂದು ಹೆಚ್ಚಿದ್ದರೆ ಅವರು ತುದಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟುವುದು, ಕಡಿಮೆಯಿದ್ದರೆ ತುಸು ಎತ್ತುವುದು, ಇವಳು ಬ್ಲೇಡು ಹಾಯಿಸುವುದು. ಹೀಗೆ ನಾಲ್ಕೂ ಆದವು. ಪ್ಲಗ್ಗುಗಳನ್ನು ಕೂರಿಸಿದಾಗ ಗಾಡಿ ಒಂದೇ ಏಟಿಗೆ ಶುರುವಾಯಿತು.

ಉದ್ದಪ್ಪ ಸ್ಟೇರಿಂಗ್ ಮುಂದೆ ಕೂತರು. ವಿದ್ಯಾ ಕೂಸನ್ನು ಅವುಚಿಕೊಂಡು ತೆರೆದ ಬಾಗಿಲ ಬಳಿಯೇ ನಿಂತಳು; ಹತ್ತಲಿಲ್ಲ.

"ಸ್ಟೇರಿಂಗ್ ಚಲೋ ಹಿಡೀತೇನವಾ."

"ಕೂಸು ಐತ್ರಿ, ಮಾಂವಾರ."

ಅವರು ತಮ್ಮ ಕೈಗಳನ್ನೇ ನೋಡುತ್ತ ಕೂತರು. ಆಮೇಲೆ ಒಳಗಿದ್ದ ಮಗನನ್ನು ಕೂಗಿದರು. "ಲಖನಾ, ಇವತ್ತ ನೀ ಹೊಡಿ. ನನಗ ಸೊಂಟಾ ಹಿಡದೈತಿ."

ಹುಕ್ಕೇರಿ ಬರುವತನಕ ಹಿಂದಿನ ಸೀಟಿನಿಂದ ಅವರು ಗೇರ್ ಬದಲಿಸು, ಹಾರ್ನ್ ಹೊಡಿ ಎನ್ನುತ್ತಲೇ ಇದ್ದರು. ಪಕ್ಕದಲ್ಲಿ ವಿದ್ಯಾಳ ಮಡಿಲಲ್ಲಿದ್ದ ಕೂಸು ಅವರ ತೋರುಬೆರಳನ್ನು ಬಿಗಿಯಾಗಿ ಹಿಡಿದಿತ್ತು. ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಕೆಳಗೆ ನೋಡಿದಾಗಲೇ ಅದು ಅವರಿಗೆ ತಿಳಿದದ್ದು.