ಟವೆಲ್ಲಿಗೊಂದು ಪೇಟೆಂಟು

ನನಗೆ ನಾನೇ ರಿಜಿಸ್ಟರ್ಡ್ ಕಾಗದ ಬರೆದುಕೊಳ್ಳುತ್ತೇನೆ ಎಂಬ ಸುದ್ದಿ ಶಿಡ್ಲಘಟ್ಟದಲ್ಲಿ ಹಬ್ಬಿದೆಯಂತೆ. ನಿಜ, ಮುಚ್ಚಿಟ್ಟು ಫಲವಿಲ್ಲ. ಒಂದಲ್ಲ, ಮೂರು ಬರೆದುಕೊಂಡಿದ್ದೇನೆ. ಮೊದಲನೆಯದನ್ನು ಕೊಡುವಾಗ ಪೋಸ್ಟ್‌ಮ್ಯಾನ್ ಕಳಿಸಿದವರ ಹೆಸರು ನೋಡಿದ, ಸೇರಬೇಕಾದವರ ಹೆಸರು ನೋಡಿದ, ಕೊನೆಗೆ ನನ್ನ ಮುಖ ನೋಡಿದ. ಎರಡನೆಯದಕ್ಕೆ "ಮನೇಲಿ ಎಲ್ಲಾರೂ ಚೆನ್ನಾಗಿದಾರಾ ಸಾರ್?" ಎಂದ. ಮೂರನೆಯದಕ್ಕೆ ನನ್ನ ಸಹಿ ಹಾಕಿಸಿಕೊಂಡು, ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರನ್ನ ಸ್ವಲ್ಪ ನೋಡ್ಕೊಳ್ಳಿ ಅಮ್ಮ" ಎಂದು ಪಿಸುಗುಟ್ಟಿ ಹೋದ.

ನನಗೆ ಹುಚ್ಚು ಹಿಡಿದಿರಲಿಲ್ಲ. ನಾನೊಂದು ವಸ್ತು ಕಂಡುಹಿಡಿದಿದ್ದೆ. ಕಂಡುಹಿಡಿದದ್ದನ್ನು ಬರೆದು, ಲಕೋಟೆಗೆ ಅಂಟು ಹಾಕಿ, ನಮಗೆ ನಾವೇ ರಿಜಿಸ್ಟರ್ ಮಾಡಿಕೊಂಡು, ಒಡೆಯದೆ ಇಟ್ಟುಕೊಂಡರೆ ಮುದ್ರೆಯ ಮೇಲಿನ ತಾರೀಖೇ ಪೇಟೆಂಟಿಗೆ ಸಮ ಎಂದು ಟೀ ಅಂಗಡಿಯಲ್ಲಿ ಒಬ್ಬರು ಹೇಳಿದ್ದರು. ನಂಬಿದೆ. ಆ ಮುದ್ರೆ ನಾನು ಆ ದಿನ ಕಾಗದ ಹಾಕಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ವಸ್ತುವಿನ ಮೇಲೆ ಯಾವ ಹಕ್ಕನ್ನೂ ಕೊಡುವುದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಊರೆಲ್ಲ ನನಗಾಗಿ ಮರುಗತೊಡಗಿತ್ತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು ನಾನು. ಹೆಸರು ನಾರಾಯಣಸ್ವಾಮಿ. ನಾರಾಯಣನ ಹೆಸರಿನ ಯೋಗಿ ಬಾಳಿದ ಕೈವಾರ ಹತ್ತಿರವಿರುವ ನಮ್ಮ ಕಡೆ ಈ ಹೆಸರಿಗೆ ಬರವಿಲ್ಲ. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತು "ನಾರಾಯಣಸ್ವಾಮೀ" ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ, ಜೊತೆಗೆ ಡ್ರೈವರೂ. ಇಷ್ಟು ಜನ ನಾರಾಯಣಸ್ವಾಮಿಗಳ ನಡುವೆ "ಅದನ್ನು ಕಂಡುಹಿಡಿದನಲ್ಲ, ಆ ನಾರಾಯಣಸ್ವಾಮಿ" ಎನ್ನಿಸಿಕೊಳ್ಳಬೇಕು ಎಂಬುದು ನನ್ನ ಬಹುದಿನದ ಆಸೆ. ಹಾಗಾಗಿ ಹಿಂದೆಯೂ ಕೆಲವು ಪ್ರಯತ್ನ ಮಾಡಿದ್ದುಂಟು. ಹಳೆಯ ಮಿಕ್ಸಿಯ ಮೋಟಾರಿನಿಂದ ಮುದ್ದೆ ತಿರುವುವ ಯಂತ್ರ ಮಾಡಿದ್ದೆ. ಮುದ್ದೆಯನ್ನು ಚೆನ್ನಾಗಿಯೇ ತಿರುವಿತು, ಆಮೇಲೆ ಸೂರಿಗೆ ಎಸೆಯಿತು. ಆ ಕಲೆ ಈಗಲೂ ಇದೆ. ಬಂದವರು ಕೇಳಿದರೆ ಮಳೆಗೆ ಸೋರಿದ್ದು ಎನ್ನುತ್ತೇವೆ.

ಈ ಸಲದ್ದು ಹಾಗಲ್ಲ. ಇದು ನಮ್ಮಕ್ಕನಿಗಾಗಿ ಹುಟ್ಟಿದ್ದು. ಅಕ್ಕ ಮುನಿರತ್ನಮ್ಮ ದಿಬ್ಬೂರಹಳ್ಳಿಯಲ್ಲಿರುವವಳು. ಎಡಗಾಲಿನ ಮಂಡಿ ಸವೆದಿದೆ. ಪ್ರತಿ ಸೋಮವಾರ ನಮ್ಮ ಊರಿಗೆ ಬಂದು, ನನ್ನನ್ನು ಕರೆದುಕೊಂಡು, ಮಂಡಿಗೆ ಕರೆಂಟು ಇಡಿಸಿಕೊಳ್ಳಲು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗುತ್ತಾಳೆ. ಚಿಂತಾಮಣಿಯಿಂದ ಬರುವ ಬಸ್ಸು ನಮ್ಮ ಸ್ಟ್ಯಾಂಡಿನಲ್ಲಿ ಹತ್ತಾರು ಸೀಟು ಖಾಲಿ ಮಾಡುತ್ತದೆ, ನೂರಾರು ಜನ ಅದಕ್ಕೆ ಮುತ್ತುತ್ತಾರೆ. ಹೆಂಗಸರಿಗೆ ಟಿಕೆಟ್ಟಿಲ್ಲ ಎಂದಾದ ಮೇಲಂತೂ ಮುಂದಿನ ಸೀಟುಗಳ ಮಾತೇ ಬೇಡ. ಅಕ್ಕ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮಂಡಿ ಹಿಡಿದು, ಬಲಗಾಲಿನ ಮೇಲೆ ಭಾರ ಬಿಟ್ಟು ನಿಂತು ಹೋಗುವುದನ್ನು ನಾನು ವಾರವಾರವೂ ನೋಡುತ್ತಿದ್ದೆ.

ಕಿಟಕಿಯಿಂದ ಟವೆಲ್ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಹಾಕದೆ ಬಿಟ್ಟಿದ್ದೇನೆಯೇ? ಟವೆಲ್ ಹಾಕುವುದು ನಮ್ಮ ನಾಡಿನ ಬರೆಯದ ಕಾನೂನು. ಪತ್ರ, ಪಹಣಿ ಎಲ್ಲ ಇರುವ ಹೊಲದ ಬದುವನ್ನು ಪಕ್ಕದವನು ವರ್ಷಕ್ಕೆ ಒಂದು ಮೊಳ ಒತ್ತಿಕೊಂಡು ಬರುತ್ತಾನೆ. ಅದೇ ಮನುಷ್ಯ ಸೀಟಿನ ಮೇಲೆ ಬಿದ್ದ ಬಣ್ಣಗೆಟ್ಟ ಟವೆಲ್ಲನ್ನು ಮುಟ್ಟುವುದಿಲ್ಲ, ಅದರ ಪಕ್ಕದಲ್ಲಿ ನಿಂತೇ ಊರು ಸೇರುತ್ತಾನೆ. ಆದರೆ ಅದು ಸೀಟಿನ ಮೇಲೇ ಬೀಳಬೇಕು. ನಾನು ಎಸೆದದ್ದು ಕಂಬಿಗೆ ಸಿಕ್ಕಿಕೊಳ್ಳುತ್ತಿತ್ತು, ಇಲ್ಲವೇ ಯಾರದೋ ತಲೆಯ ಮೇಲೆ ಕೂರುತ್ತಿತ್ತು.

ಅದಕ್ಕೇ ಕಂಡುಹಿಡಿದೆ. ಟವೆಲ್ಲಿನ ನಾಲ್ಕು ಮೂಲೆಗೂ ಪುಟ್ಟ ಜೇಬು ಹೊಲಿದು ಒಂದೊಂದರಲ್ಲೂ ಒಂದು ಹಿಡಿ ಹುಣಸೆ ಬೀಜ ತುಂಬುವುದು. ಆಮೇಲೆ ವೀಳ್ಯದೆಲೆ ಮಡಿಸುವ ಹಾಗೆ ಒಂದು ವಿಶೇಷ ಮಡಿಕೆ. ಕಂಬಿಗಳ ನಡುವೆ ಗೋಲಿಯಂತೆ ತೂರಿ ಹೋಗುತ್ತದೆ, ಸೀಟಿಗೆ ತಾಗಿದೊಡನೆ ನಾಲ್ಕೂ ಮೂಲೆ ಬಿಚ್ಚಿ, ಇಸ್ತ್ರಿ ಮಾಡಿಟ್ಟ ಹಾಗೆ ಹರಡಿಕೊಳ್ಳುತ್ತದೆ. ಮೊದಲು ಕಬ್ಬಿಣದ ನಟ್ಟು ಹಾಕಿ ನೋಡಿದ್ದೆ. ಅದರಿಂದ ಸೀಟು ಸಿಗುವುದಕ್ಕಿಂತ ಜೈಲು ಸಿಗುವ ಸಂಭವ ಹೆಚ್ಚಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಅಕ್ಕ ಮುಂದಿನ ಸೋಮವಾರವೇ ಕೂತು ಹೋಗುತ್ತಿದ್ದಳು. ಆದರೆ ನಾನು ಪೇಟೆಂಟಿನ ಬಗ್ಗೆ ಓದತೊಡಗಿದೆ. ಓದಿದಷ್ಟೂ ಹೆದರಿಕೆಯಾಯಿತು. ಬರೀ ಐಡಿಯಾಕ್ಕೆ ಪೇಟೆಂಟಿಲ್ಲ, ಅದಕ್ಕೊಂದು ಮೈ ಇರಬೇಕು. ಅದಿತ್ತು. ಆದರೆ ಅರ್ಜಿ ಹಾಕುವ ಮೊದಲು ನಾಲ್ಕು ಜನರ ಮುಂದೆ ತೋರಿಸಿದರೆ ಹೊಸತನ ಹೋಗಿಬಿಡುತ್ತದೆ, ಸ್ವತಃ ಕಂಡುಹಿಡಿದವನೇ ತೋರಿಸಿದರೂ ಸರಿಯೆ. ತಮಾಷೆ ಎಂದರೆ, ಅರ್ಜಿ ಹಾಕುವಾಗ ಮಾತ್ರ ಒಂದು ಹೊಲಿಗೆಯನ್ನೂ ಬಿಡದೆ ಬರೆದುಕೊಡಬೇಕು. ಆ ಕಸುಬು ಬಲ್ಲ ಯಾವ ಸಾಮಾನ್ಯ ಮನುಷ್ಯನಾದರೂ ಓದಿ ಮಾಡುವಂತಿರಬೇಕು. ಕಾನೂನು ಕಲ್ಪಿಸಿಕೊಂಡಿರುವ ಈ ಮನುಷ್ಯನಿಗೆ ಕಸುಬಿನ ಸಮಸ್ತವೂ ಗೊತ್ತು, ಕಲ್ಪನೆ ಮಾತ್ರ ಲವಲೇಶವೂ ಇಲ್ಲ. ಅವನ ವರ್ಣನೆ ಓದುತ್ತಾ ಹೋದಂತೆ ನನಗೆ ನಮ್ಮ ಹಳೆಯ ಹೆಡ್‌ಮಾಸ್ಟರ ನೆನಪು ಉಕ್ಕಿ ಬಂತು.

ಆದ್ದರಿಂದ ಪ್ರಯೋಗಗಳೆಲ್ಲ ಮನೆಯಲ್ಲಿ, ಗುಟ್ಟಾಗಿ ನಡೆದವು. ನಾನು ಹಿತ್ತಲಲ್ಲಿ ನಿಂತು ಅಡುಗೆಮನೆಯ ಕಿಟಕಿಯಿಂದ ಒಳಗಿನ ಕುರ್ಚಿಗೆ ಎಸೆಯುವುದು, ಹೆಂಡತಿ ಒಳಗಿನಿಂದ ಫಲಿತಾಂಶ ಹೇಳುವುದು. "ಕುರ್ಚಿ ಮೇಲೆ." "ಕುರ್ಚಿ ಪಕ್ಕ." "ಸಾರಿನ ಒಳಗೆ." ಆ ದಿನ ಪ್ರಯೋಗವೂ ಊಟವೂ ಅಲ್ಲಿಗೇ ನಿಂತವು. ಜೇಬು ಹೊಲಿದುಕೊಟ್ಟ ಟೈಲರ್ ಬಾಷಾ ಅವರಿಂದ ಗುಟ್ಟು ಬಿಡುವುದಿಲ್ಲ ಎಂಬ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡೆ. ಅವರು ಸಂತೋಷದಿಂದ ಹಾಕಿದರು. "ಇದರದ್ದು ಒಂದು ಜೆರಾಕ್ಸ್ ಕೊಡಿ ಸಾರ್, ಅಂಗಡೀಲಿ ತೂಗು ಹಾಕ್ತೀನಿ" ಎಂದೂ ಕೇಳಿದರು.

ಬೆಂಗಳೂರಿನ ಒಬ್ಬ ಪೇಟೆಂಟ್ ಏಜೆಂಟರನ್ನು ಫೋನಿನಲ್ಲಿ ಹಿಡಿದೆ. ಮರ್ಯಾದಸ್ಥರು, ನಗಲಿಲ್ಲ. "ಸಾರ್, ಮೊದಲು ತಾತ್ಕಾಲಿಕ ಅರ್ಜಿ ಹಾಕಿಬಿಡಿ. ಪೂರ್ತಿ ವಿವರ ಕೊಡೋಕೆ ಒಂದು ವರ್ಷ ಟೈಮ್ ಇರುತ್ತೆ. ಅರ್ಜಿ ಹಾಕಿದ ಮಾರನೇ ದಿನದಿಂದ ನಿಮ್ಮ ಅಕ್ಕನವರು ಧಾರಾಳವಾಗಿ ಉಪಯೋಗಿಸಲಿ" ಎಂದರು. ಎಂದರೆ ಸರ್ಕಾರಿ ಕಚೇರಿಯ ಕಿಟಕಿಯಿಂದ ಮೊದಲು ಟವೆಲ್ ಹಾಕುವುದು, ವರ್ಷದೊಳಗೆ ಹೋಗಿ ಕೂರುವುದು. ಇಷ್ಟು ಸರಳವಾದದ್ದನ್ನು ನಾನು ಒಪ್ಪಲಿಲ್ಲ. ಅರ್ಧಂಬರ್ಧ ಚಿತ್ರವನ್ನು ಯಾರ ಕೈಗೂ ಕೊಟ್ಟವನಲ್ಲ ನಾನು. ಹಾಕಿದರೆ ಪೂರ್ತಿ ಅರ್ಜಿಯನ್ನೇ ಹಾಕುತ್ತೇನೆ ಎಂದು ಹಟ ಹಿಡಿದೆ.

ಹಟ ಐದು ತಿಂಗಳು ನಡೆಯಿತು. ನಮ್ಮ ಹಕ್ಕು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕಂತೆ. ನನ್ನ ವಾಕ್ಯ ಮೂರು ಪುಟವಾಯಿತು. 'ಸೀಟು' ಎಂದರೇನು ಎಂಬಲ್ಲೇ ಎರಡು ವಾರ ಕಳೆದೆ. ಚಿತ್ರಗಳಲ್ಲಿ ಬರೀ ಕಪ್ಪು ಗೆರೆ ಇರಬೇಕು ಎಂದರು. ನಾನು ಟವೆಲ್ಲಿನ ಮಡಿಕೆಗಳಿಗೆ ನೆರಳು ಬೆಳಕು ಕೊಟ್ಟು, ಕಿಟಕಿಯ ಆಚೆ ಮೋಡಗಳನ್ನೂ ಬಿಡಿಸಿದ್ದೆ. ಏಜೆಂಟರು "ಚೆನ್ನಾಗಿದೆ ಸಾರ್, ಮೋಡ ತೆಗೀರಿ" ಎಂದರು. ಕಡಲತೀರದ ಟವೆಲ್ ಗಾಳಿಗೆ ಹಾರದಂತೆ ಅದರ ಮೂಲೆಗೆ ತೂಕ ಹೊಲಿದವರು ಯಾವುದೋ ದೇಶದಲ್ಲಿ ಆಗಲೇ ಇದ್ದಾರೆ ಎಂದು ಕಂಪ್ಯೂಟರಿನಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. "ಅವರದು ಹಾರಬಾರದು, ನಿಮ್ಮದು ಹಾರಬೇಕು, ಅದೇ ವ್ಯತ್ಯಾಸ" ಎಂದು ಏಜೆಂಟರೇ ಸಮಾಧಾನ ಮಾಡಿದರು.

ಈ ಐದು ತಿಂಗಳೂ ಟವೆಲ್ ಬೀರುವಿನಲ್ಲಿ ಬೀಗದೊಳಗಿತ್ತು. ಅಕ್ಕ ಬಸ್ಸಿನಲ್ಲಿ ನಿಂತಿದ್ದಳು.

"ಇನ್ನೆಷ್ಟು ದಿನ ಆಗುತ್ತೋ ನಾಣಿ?" ಎಂದು ಒಮ್ಮೆ ಕೇಳಿದಳು.

"ಸ್ವಲ್ಪ ತಡ್ಕೊಳ್ಳಕ್ಕ. ಈಗ್ಲೇ ಹೊರಗೆ ತಗದ್ರೆ ಹೊಸತನ ಹೋಗ್ಬಿಡುತ್ತೆ."

"ಹೋಗೋದು ಬೇಡ ಬಿಡಪ್ಪ" ಎಂದು ಕಾಲು ಬದಲಾಯಿಸಿ, ನೋವಾಗಿ, ಮತ್ತೆ ಮೊದಲಿನ ಕಾಲಿಗೇ ಬಂದಳು. ಅದನ್ನು ನೋಡಿಯೂ ನಾನು ಬೀರುವಿನ ಬೀಗ ತೆಗೆಯಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಆಮೇಲೊಂದು ಸೋಮವಾರ ಅಕ್ಕನ ಮಂಡಿ ಬಾತುಕೊಂಡಿತ್ತು. ಏಜೆಂಟರಿಗೆ ಕಳಿಸಲು ಟವೆಲ್ಲಿನ ಫೋಟೋ ತೆಗೆಸಬೇಕೆಂದು ಅದನ್ನು ನಾನು ಅಂದು ಚೀಲದಲ್ಲಿ ತಂದಿದ್ದೆ. ಬಸ್ಸು ಬಂತು, ಜನ ಮುತ್ತಿದರು. ಅಕ್ಕ ಬಸ್ಸಿನ ಮೆಟ್ಟಿಲು ನೋಡಿ ಒಮ್ಮೆ ಉಸಿರು ಬಿಟ್ಟಳು. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಎಸೆದೇಬಿಟ್ಟೆ.

ಎಂಥ ಎಸೆತ ಅದು! ಕಂಬಿಗಳ ನಡುವೆ ತೂರಿ, ಮೂರನೇ ಸಾಲಿನ ಸೀಟಿನ ಮೇಲೆ ನಾಲ್ಕು ಮೂಲೆಯೂ ಸರಿಯಾಗಿ ಹರಡಿಕೊಂಡು ಬಿತ್ತು. ಬಸ್ ಸ್ಟ್ಯಾಂಡು ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತಿತು. "ಅಬ್ಬಬ್ಬ, ಬಾಗುಂದಿ ಸಾರ್! ಇನ್ನೊಂದ್ಸಲ ಎಸೀರಿ, ವಿಡಿಯೋ ಮಾಡ್ಕೊಂತೀನಿ" ಎಂದು ಯಾರೋ ಮೊಬೈಲ್ ಎತ್ತಿದರು. ಒಳಗಿದ್ದವರೊಬ್ಬರು ಟವೆಲ್ಲನ್ನು ಕಿಟಕಿಯಿಂದ ವಾಪಸ್ ಕೊಟ್ಟರು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ ಇದು, ಕೇಳುವವರು ಸಿಕ್ಕರೆ ನಿಲ್ಲುವುದಿಲ್ಲ. ಇನ್ನೂ ಎರಡು ಸಲ ಎಸೆದೆ. ಬಿಚ್ಚಿ ಹುಣಸೆ ಬೀಜ ತೋರಿಸಿದೆ. ಮಡಿಕೆಯನ್ನು ನಿಧಾನವಾಗಿ, ಯಾವ ಸಾಮಾನ್ಯ ಮನುಷ್ಯನಾದರೂ ಮಾಡುವಂತೆ, ವಿವರಿಸಿದೆ. ಅಷ್ಟರಲ್ಲಿ ಅಕ್ಕ ಕುಂಟುತ್ತಾ ಮೂರನೇ ಸಾಲು ಮುಟ್ಟಿದ್ದಳು. ಟವೆಲ್ ಹೊರಗೆ ನನ್ನ ಕೈಯಲ್ಲಿತ್ತು. ಸೀಟಿನಲ್ಲಿ ಹೂವಿನ ಮೂಟೆ ತಬ್ಬಿಕೊಂಡವರೊಬ್ಬರು ಕೂತಿದ್ದರು. ಅಂದೂ ಅಕ್ಕ ನಿಂತೇ ಬಂದಳು.

ಸಂಜೆ ಏಜೆಂಟರ ಫೋನು ಬಂತು. "ಸಾರ್, ವಿಡಿಯೋ ನನಗೂ ಬಂತು. ಎಸೆತ ಚೆನ್ನಾಗಿತ್ತು. ಆದರೆ ಇನ್ನು ಪೇಟೆಂಟು ಕಷ್ಟ."

ಮುಂದಿನ ಸೋಮವಾರ ಬಸ್ಸು ಬಂದು ನಿಂತದ್ದೇ ತಡ, ಎಲ್ಲ ಕಿಟಕಿಗಳಿಂದ ಟವೆಲ್ಲುಗಳು ಗುಂಯ್ ಎಂದು ತೂರಿದವು. ನಾಲ್ಕು ಮೂಲೆ, ಹುಣಸೆ ಬೀಜ, ನನ್ನದೇ ಮಡಿಕೆ. ಬಾಷಾ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ನಾನು ನೋಡಿದ ನೋಟಕ್ಕೆ, "ನಾನು ಗುಟ್ಟು ಬಿಡ್ಲಿಲ್ಲ ಸಾರ್. ನೀವೇ ತೋರ್ಸಿದ್ರಿ, ಆಮೇಲೆ ಎಲ್ಲಾ ಬಂದು ಹೊಲ್ಕೊಡಿ ಅಂದ್ರು" ಎಂದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿಯಾಗಿತ್ತು. ನನ್ನ ಟವೆಲ್ಲಿಗೆ ಬೀಳಲು ಒಂದು ಸೀಟೂ ಉಳಿದಿರಲಿಲ್ಲ.

ತಳ್ಳಾಡಿ ಹತ್ತಿದೆವು. ಅಕ್ಕನ ಮಂಡಿ ನಡುಗುತ್ತಿತ್ತು. ಇನ್ನೇನು ಮಾಡಲಿ ಎಂದು ನಾನು ಒದ್ದಾಡುತ್ತಿದ್ದರೆ, ಅಕ್ಕ ಪಕ್ಕದ ಸೀಟಿನ ಕಾಲೇಜು ಹುಡುಗಿಯ ಕಡೆ ಬಗ್ಗಿ, "ಏನಮ್ಮ, ಮಂಡಿ ನೋಯ್ತದೆ, ಸ್ವಲ್ಪ ಜಾಗ ಕೊಡ್ತೀಯಾ?" ಎಂದಳು.

"ಅಯ್ಯೋ ಕೂತ್ಕೊಳ್ಳಿ ಅಜ್ಜಿ" ಎಂದು ಹುಡುಗಿ ಪುಸ್ತಕ ಎತ್ತಿಕೊಂಡು ಎದ್ದೇಬಿಟ್ಟಳು. ಅಕ್ಕ ಕೂತಳು. ಅಷ್ಟೇ.

ನಾನು ಕಂಬಿಗೆ ಜೋತುಬಿದ್ದು ಕೇಳಿದೆ: "ಅಕ್ಕ, ಇಷ್ಟು ತಿಂಗಳು ಯಾಕೆ ಯಾರನ್ನೂ ಕೇಳ್ಲಿಲ್ಲ?"

"ಕೇಳಿದ್ರೆ ಯಾರಾದ್ರೂ ಕೊಡೋರು ಕಣೋ" ಎಂದಳು ಅಕ್ಕ, ಮಂಡಿ ನೀವಿಕೊಳ್ಳುತ್ತಾ. "ಅವರು ಕೊಟ್ಬಿಟ್ಟಿದ್ರೆ ನಿನ್ ಟವೆಲ್ಲಿಗೆ ಏನಪ್ಪ ಕೆಲಸ ಇರ್ತಿತ್ತು? ಪಾಪ, ಅಷ್ಟು ಆಸೆಯಿಂದ ಮಾಡ್ತಾ ಇದ್ದೆ."

ಪೇಟೆಂಟಿಗೆ ಮೂರು ಗುಣ ಬೇಕಂತೆ. ವಸ್ತು ಹೊಸದಾಗಿರಬೇಕು, ಅದರಲ್ಲಿ ಜಾಣ್ಮೆ ಇರಬೇಕು, ಅದರಿಂದ ಉಪಯೋಗವಿರಬೇಕು. ಹೊಸತನವನ್ನು ನಾನೇ ಬಸ್ ಸ್ಟ್ಯಾಂಡಿನಲ್ಲಿ ಹಂಚಿಬಿಟ್ಟೆ. ಜಾಣ್ಮೆಯ ವಿಷಯ ಇಷ್ಟು ಓದಿದ ನೀವೇ ಬಲ್ಲಿರಿ. ಉಪಯೋಗವೊಂದನ್ನು ಮಾತ್ರ ನಮ್ಮಕ್ಕ ಐದು ತಿಂಗಳು ಒಂಟಿಕಾಲಿನಲ್ಲಿ ನಿಂತು ಕಾಪಾಡಿದ್ದಳು.