ಹಮಾಲ ಕಾಕಾನ ಬೆನ್ನು

ಹಮಾಲ ಕಾಕಾನ ಕತ್ತಿನ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಗಂಟೊಂದಿತ್ತು. ಜೋಳದ ಚೀಲಗಳು ಮೂವತ್ತು ವರ್ಷ ಕೂತೆದ್ದ ಜಾಗ. ಶಹಾಪುರದಲ್ಲಿ ಅವರು ಚೀಲ ಹೊರುತ್ತಿದ್ದ ಧಾನ್ಯದ ಅಡತಿ ಅಂಗಡಿಯಲ್ಲೇ ನಾನು ಆಗ ಗುಮಾಸ್ತ. ಕೂಲಿಕಾರರ ಒಗ್ಗಟ್ಟಿನ ಭಾಷಣ ಕೇಳಿಬಂದು ಅದನ್ನೇ ಕಾಕಾಗೆ ಒಪ್ಪಿಸುತ್ತಿದ್ದೆ. ಅವರು ತಂಬಾಕು ತಿಕ್ಕುತ್ತ, "ಮಾತು ಭಾಳ ಚಲೋ ಅದಾವ ತಮ್ಮಾ. ಒಂದಿನ ಚೀಲಕ್ಕೂ ಹೆಗಲು ಕೊಡು" ಎಂದು ನಗುತ್ತಿದ್ದರು.

ತುಂಬಿದ ಚೀಲವನ್ನು ಯಾರೂ ತಾವೇ ಬೆನ್ನಿಗೇರಿಸಿಕೊಳ್ಳಲಾರರು. ಒಬ್ಬ ಬಾಗಿ ನಿಲ್ಲಬೇಕು, ಅವನ ಜೋಡಿಯವನು ಹಿಂದಿನಿಂದ ಹೊರಿಸಬೇಕು. ಅವನ ಕೈ ಸ್ವಲ್ಪ ತಪ್ಪಿದರೂ ಬಾಗಿದವನ ನಡು ಮುರಿಯುತ್ತದೆ. ಹಾಗಾಗಿ ಹಮಾಲರು ಜೋಡಿ ಬದಲಿಸುತ್ತಿರಲಿಲ್ಲ. ಕಾಕಾಗೆ ಹೊರಿಸುತ್ತಿದ್ದ ಜೋಡಿ ಒಬ್ಬ ಮುಸಲ್ಮಾನರು.

ನಿಜಾಮನ ಆಳ್ವಿಕೆ ಮುಗಿಯಿತು. ನಿನ್ನೆಯವರೆಗೆ ತಹಸೀಲ್ದಾರನಿಗೆ ಬಗ್ಗಿ ಸಲಾಮು ಹೊಡೆಯುತ್ತಿದ್ದ ನಮ್ಮ ಸಾಹುಕಾರ ಬಿಳಿ ಟೋಪಿ ಹಾಕಿಕೊಂಡು, "ಇನ್ನ ಆ ತುರುಕ ಬ್ಯಾಡ" ಎಂದ. ಮಠದಯ್ಯ, "ಸಾಹುಕಾರ್ರು ಹೇಳಿದಂಗ ಹೊರೋದು ನಿಮ್ಮ ಕರ್ಮ" ಎಂದು ಹಮಾಲರಿಗೆ ಬೋಧಿಸಿದ. ಒಗ್ಗಟ್ಟಿನ ಭಾಷಣ ಮಾಡುತ್ತಿದ್ದ ನಮ್ಮ ಕೆಂಪು ಬಾವುಟದ ಮುಖಂಡನಾದರೂ ನೆರವಿಗೆ ಬಂದಾನೆಂದರೆ, "ಈಗ ವ್ಯಾಳ್ಯಾ ಸರಿ ಇಲ್ಲ, ಸುಮ್ಕಿರ್ರಿ" ಎಂದುಬಿಟ್ಟ. ಮೂವರಿಗೂ ಬೇಕಾಗಿದ್ದು ದುಡಿಯುವವನ ಬೆನ್ನು, ಅವನ ಮಾತಲ್ಲ. ಥೂ! ನಾನೂ ಸುಮ್ಮನಿದ್ದೆ.

ಯಾದಗಿರಿ ಸ್ಟೇಶನ್ನಿಗೆ ಹೊರಡುವ ಬಂಡಿಗಳು ಬಾಗಿಲಲ್ಲಿ ನಿಂತಿದ್ದವು. ಸಾಹುಕಾರ ಬೇರೊಬ್ಬನನ್ನು ಕಾಕಾನ ಹಿಂದೆ ನಿಲ್ಲಿಸಿ, "ಬಾಗು" ಎಂದ. ಕಾಕಾ ನೆಟ್ಟಗೇ ನಿಂತರು.

"ಜ್ವಾಳ ನಿಮ್ದು, ಬಂಡಿ ನಿಮ್ದು. ಬೆನ್ನು ನಂದ್ರಿ. ಇದಕ್ಕ ಯಾರು ಹೊರಸಬೇಕು ಅನ್ನೋದು ನಾ ಹೇಳ್ತೇನಿ."

ಇಬ್ಬರ ಕೆಲಸವೂ ಅಂದೇ ಹೋಯಿತು. ಆಮೇಲೆ ಸುರಪುರದ ರಸ್ತೆಯಲ್ಲಿ ಜೊತೆಗೇ ಕಲ್ಲು ಒಡೆದರು.

ಕಾಕಾ ತೀರಿಕೊಂಡ ದಿನ ಜೋಡಿ ಬಂದು ಚಟ್ಟಕ್ಕೆ ಕೈ ಹಾಕಿದರು. ಓಣಿಯ ಹಿರಿಯನೊಬ್ಬ ಅಡ್ಡ ಬಂದು, "ಶಾಸ್ತ್ರಕ್ಕ ಬರಂಗಿಲ್ಲ, ಸರಿ ಅತ್ಲಾಗ" ಎಂದು ಗದರಿದ.

"ಇಷ್ಟು ದಿನ ಇವಗ ಹೊರಿಸೀನಿ. ಇವತ್ತೊಂದಿನ ಇವನ್ನ ಹೊರ್ತೇನ್ರಿ" ಎಂದರು ಜೋಡಿ.

ಆಗ ನನ್ನ ಬಾಯಿ ತೆರೆಯಿತು, ಅಷ್ಟು ವರ್ಷ ತಡವಾಗಿ. "ಯಾರ ಕೈ ಹತ್ತಬೇಕು ಅನ್ನೋದು ಕಾಕಾ ಆವತ್ತೇ ಹೇಳ್ಯಾರ. ನೀವ ಸರೀರಿ" ಎಂದು ಚಟ್ಟದ ಇನ್ನೊಂದು ಬದಿಗೆ ಹೆಗಲು ಕೊಟ್ಟೆ.

ಕಾಕಾ ಒಂದು ಚೀಲ ಜೋಳದಷ್ಟೂ ಭಾರವಿರಲಿಲ್ಲ. ಆದರೂ ಹಳ್ಳ ದಾಟುವುದರೊಳಗೆ ನನ್ನ ಹೆಗಲು ಉರಿಯತೊಡಗಿತು.