ಗಂಗವ್ವ ಉರ್ಫ್ ಲಕ್ಷ್ಮೀಬಾಯಿ

ಹೋದ ವರ್ಷ ರಾಯಬಾಗದ ತಾಲೂಕು ಆಫೀಸಿನಲ್ಲಿ ಒಬ್ಬ ಕ್ಲರ್ಕ್, ನನ್ನನ್ನು ಕರೆದುಕೊಂಡು ಬಾ ಎಂದು ನನ್ನನ್ನೇ ಕಳಿಸಿದ.

"ಆಯಿ, ಹೋಗಿ ಗಂಗವ್ವನ್ನ ಕರ್ಕೊಂಡ ಬರ್ರಿ."

"ಬಂದೇನಲ್ಲೋ ತಮ್ಮಾ. ನಿನ್ನ ಮುಂದ ನಿಂತೇನಿ."

"ನೀವು ಲಕ್ಷ್ಮೀಬಾಯಿ ಅದೀರಿ. ರೇಷನ್ ಕಾರ್ಡಿನಾಗ ಹಂಗ ಐತಿ."

"ಹೌದು. ಗಂಗವ್ವನೂ ನಾನ."

"ಯಾರರ ಒಬ್ರಾಗ್ರಿ ಆಯಿ!"

ನಗು ಬಂತು. ಆದರೆ ನಗುವ ಹೊತ್ತಲ್ಲ ಅದು. ನಮ್ಮವ್ವ ಸಾಯುವ ಮೊದಲು ಬಾವಿಯ ಮಗ್ಗುಲಿನ ತುಂಡು ಹೊಲವನ್ನು ನನಗೆ ಬರೆದಿಟ್ಟಿದ್ದಳು. ಮೃತ್ಯುಪತ್ರದಲ್ಲಿ 'ನನ್ನ ಮಗಳು ಗಂಗವ್ವ' ಎಂದಿದೆ. ತಾಯಿ ಮತ್ತೇನು ಬರೆಸುತ್ತಾಳೆ? ಹೆತ್ತು ತೊಟ್ಟಿಲಿಗೆ ಹಾಕಿ ಇಟ್ಟ ಹೆಸರು ಅದೇ. ಆದರೆ ನನ್ನನ್ನು ಕೊಟ್ಟದ್ದು ನಿಪ್ಪಾಣಿ ಕಡೆಗೆ. ಅಲ್ಲಿ ಮದುವೆಯ ದಿನವೇ ಸೊಸೆಗೆ ಹೊಸ ಹೆಸರು ಇಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಗೀಚಿ, ಇನ್ನು ಮೇಲೆ ನೀನು ಲಕ್ಷ್ಮೀಬಾಯಿ ಎಂದರು. ಆ ಅಕ್ಕಿಯನ್ನು ಮರುದಿನ ಅನ್ನ ಮಾಡಿ ಉಂಡರು. ಹೆಸರು ಮಾತ್ರ ಉಳಿಯಿತು.

ಶಾಲೆಯ ದಾಖಲೆ ತನ್ನಿ ಎಂದ ಕ್ಲರ್ಕ್. ಎಲ್ಲಿಂದ ತರಲಿ? ಅಣ್ಣನ ಬೆನ್ನು ಹತ್ತಿ ಎರಡನೇ ಇಯತ್ತೆಯವರೆಗೆ ಹೋಗಿ ಕೂತಿದ್ದೆ. ಹೆಸರು ಹಚ್ಚಿರಲಿಲ್ಲ. ಅಕ್ಷರ ಬಂದವು, ದಾಖಲೆ ಬರಲಿಲ್ಲ. (ಇದನ್ನು ಬರೆಯುವಾಗಿನ ನನ್ನ ತಪ್ಪುಗಳನ್ನು ಅಚ್ಚು ಹಾಕುವ ಪೇಪರಿನವರು ತಿದ್ದುತ್ತಾರೆ, ನಿಮಗೇಕೆ ಚಿಂತೆ?)

"ಗಂಗವ್ವ ಅನ್ನೂವರು ಯಾರೂ ಇಲ್ಲ ಅಂತಾದ್ರ ಹೊಲ ನಿಮ್ಮ ಅಣ್ಣನ ಮನಿಗೇ ಉಳೀತೈತ್ರಿ. ತವರಮನ್ಯವರನ್ನ ಕರ್ಕೊಂಡ ಬಂದು ಹೇಳಿಕೆ ಕೊಡಸ್ರಿ" ಎಂದ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಅಣ್ಣ ತೀರಿಹೋಗಿದ್ದಾನೆ. ಇರುವವಳು ವೈನಿ, ಅಣ್ಣನ ಹೆಂಡತಿ ಚಂದ್ರವ್ವ. ಆ ಹೊಲದಲ್ಲಿ ಉಳ್ಳಾಗಡ್ಡಿ ಹಾಕುವವಳೂ ಅವಳೇ. ಅವ್ವ ನನಗೆ ಬರೆದುಕೊಟ್ಟಳೆಂದು ತಿಳಿದಂದಿನಿಂದ ನಾವಿಬ್ಬರೂ ನೆಟ್ಟಗೆ ಮಾತಾಡಿರಲಿಲ್ಲ. ಅವಳು ಸುಮ್ಮನೆ ಮನೆಯಲ್ಲಿ ಕೂತರೂ ಸಾಕು, ಹೊಲ ಅವಳದು. ಅಂಥವಳ ಹತ್ತಿರ ಹೋಗಿ, 'ನಾನು ನಾನೇ ಎಂದು ಬಂದು ಹೇಳು' ಎಂದು ಹೇಗೆ ಕೇಳುವುದು?

ಕೇಳಿದೆ. ಹೊಲ ಬೇಕಿತ್ತು, ಸುಳ್ಳೇಕೆ ಹೇಳಲಿ? ಅವ್ವ ಸುಮ್ಮನೆ ಬರೆಸಿದವಳಲ್ಲ. ಹೆಣ್ಣುಮಗಳಿಗೂ ನಿಲ್ಲಲು ಒಂದು ಜಾಗ ಇರಲಿ ಎಂದು ಬರೆಸಿದವಳು.

ವೈನಿ ಕೇರುತ್ತಿದ್ದ ಮೊರದಿಂದ ಕಣ್ಣೆತ್ತಲಿಲ್ಲ. "ಬಸ್ಸಿನಾಗ ನನಗ ವಾಂತಿ ಆಗ್ತೈತಿ" ಎಂದಳು. ಮುಗಿಯಿತು ಎಂದುಕೊಂಡೆ. ಕ್ಲರ್ಕ್ ಬರಹೇಳಿದ್ದ ಸೋಮವಾರ ಹೋಗಿ ನೋಡಿದರೆ, ಕಬ್ಬಿನ ಟ್ರ್ಯಾಕ್ಟರಿನಲ್ಲಿ ಡ್ರೈವರನ ಪಕ್ಕ ಕೂತು, ಸೆರಗಿನ ತುಂಬ ಧೂಳು ಹೊತ್ತು ಆಫೀಸಿನ ಮುಂದೆ ಇಳಿಯುತ್ತಿದ್ದಾಳೆ!

ಕ್ಲರ್ಕ್ ಕೆಟ್ಟವನಲ್ಲ. ಅವಳಿಗೂ ತಿಳಿಸಿ ಹೇಳಿದ. "ವಿಚಾರ ಮಾಡ್ರಿ ಅಮ್ಮಾ. ಇವರು ಗಂಗವ್ವ ಅಲ್ಲಂದ್ರ ಹೊಲ ನಿಮಗ ಉಳೀತೈತಿ."

"ಗೊತ್ತೈತಿ. ನನಗೂ ಲೆಕ್ಕ ಬರ್ತೈತಿ. ಇಕಿ ನಮ್ಮ ನಾದನಿ ಗಂಗಿ."

"ಲಕ್ಷ್ಮೀಬಾಯಿ ಅನ್ನೂದು?"

"ಅದು ಅವರು ಇಟ್ಟದ್ದು. ನಾವು ಗಂಗಿನ್ನ ಕೊಟ್ಟೀವಿ."

"ಎರಡೂ ಹೆಸರು ಒಬ್ಬರದ ಅನ್ನಾಕ ಏನರ ಗುರುತು ಬೇಕಲ್ರಿ?"

ವೈನಿ ಸೆರಗು ಸರಿಮಾಡಿಕೊಂಡು, ಗಂಟಲು ಕೆರೆದು, ತುಂಬಿದ ಆಫೀಸಿನಲ್ಲಿ ಒಡಪು ಹೇಳಿಬಿಟ್ಟಳು!

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ,
ಹೆಸರ ಯಾವ್ದರ ಇಡ್ರಿ, ಬಸಪ್ಪನೋರಿಗೆ ಗಂಗವ್ವ ಸಾಕ!"

ನನ್ನ ಒಡಪು ಅದು. ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ, ಒಡಪಿನೊಳಗೆ ಸೇರಿಸಿ ಹೇಳಬೇಕು. (ಮೇಲೆ ಬರೆದಿದ್ದೇನೆ ಅಷ್ಟೇ, ಬಾಯಿಂದ ಹೇಳಿಲ್ಲ.) ಮದುವೆಯ ಊಟದ ಪಂಕ್ತಿಯಲ್ಲಿ ಗಂಡನ ಹೆಸರು ಹೇಳು ಎಂದು ಎಲ್ಲರೂ ಗಂಟುಬಿದ್ದಾಗ, ಹೊಸ ಹೆಸರಿನ ಸಿಟ್ಟಿನಲ್ಲಿ ಕಟ್ಟಿ ಹೇಳಿದ್ದೆ. ಅತ್ತೆಯ ಮುಖ ಕಪ್ಪಾಗಿತ್ತು. ಪಕ್ಕದಲ್ಲಿ ಕೂತ ವೈನಿ ನನ್ನ ತೊಡೆ ಚಿವುಟಿದ್ದಳು. ನಾನು ಮರೆತಿದ್ದೆ. ಅವಳು ಮರೆತಿರಲಿಲ್ಲ.

ಆಫೀಸಿನ ತುಂಬ ನಗು. ಸರದಿಯಲ್ಲಿ ನಿಂತಿದ್ದ ನಮ್ಮೂರ ಮುದುಕನೊಬ್ಬ, "ಹೌದ ಹೌದ, ಆ ಮದುವ್ಯಾಗ ನಾನೂ ಉಂಡೇನಿ, ಬರ್ಕೊಳ್ರಿ ನನ್ನ ಸಾಕ್ಷಿ" ಎಂದ. ಕ್ಲರ್ಕ್ ನನ್ನ ಕಾರ್ಡು ತಿರುಗಿಸಿ ನೋಡಿದ. ಲಕ್ಷ್ಮೀಬಾಯಿ, ಗಂಡ ಬಸಪ್ಪ. ಮೃತ್ಯುಪತ್ರ ನೋಡಿದ. ಮಗಳು ಗಂಗವ್ವ. ಆ ಗಂಗವ್ವ, ಈ ಬಸಪ್ಪ ಜೋಡಿಯಾಗಿ ಇದ್ದದ್ದು ಯಾವ ಕಾಗದದಲ್ಲೂ ಅಲ್ಲ, ಆ ಒಡಪಿನಲ್ಲಿ ಮಾತ್ರ.

"ನಮ್ಮವ್ವಗೂ ಎರಡು ಹೆಸರದಾವ್ರಿ" ಎನ್ನುತ್ತ ಹೇಳಿಕೆ ಬರೆದುಕೊಂಡ. ಗಂಗವ್ವ ಉರ್ಫ್ ಲಕ್ಷ್ಮೀಬಾಯಿ. ವೈನಿ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಚಹಾ ಕುಡಿಯುವಾಗ ಕೇಳಿದೆ. "ಯಾಕ ಬಂದಿ ವೈನಿ?"

"ಹೊಲ ನನಗೂ ಬೇಕಾಗಿತ್ತಬೇ" ಎಂದಳು. "ಆದ್ರ ನೀ ಇಲ್ಲ ಅಂತ ಹೆಂಗ ಬರಸ್ಲಿ? ಎದರಿಗೆ ಗೂಟದ್ಹಂಗ ನಿಂತೀದಿ!"

ಕೈ ಮುಗಿಯುವುದು, ಕಣ್ಣೀರು ಹಾಕುವುದು ನನ್ನಿಂದ ಆಗದ ಕೆಲಸ. ನನ್ನ ಬಶಿಯೊಳಗಿನ ಚಹಾವನ್ನು ಅವಳ ಬಶಿಗೆ ಸುರಿದೆ. ಕುಡಿದಳು. ಉಪಕಾರ ಎಂದರೆ ಏನೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಕಾಗದ ಇಲ್ಲವೆಂದಲ್ಲಿ ಮನುಷ್ಯರೊಬ್ಬರು 'ಇದ್ದಾಳೆ' ಎಂದರಲ್ಲ, ಅದು.

ಹೊಲವನ್ನು ಈಗಲೂ ಅವಳೇ ಮಾಡುತ್ತಾಳೆ. ನನ್ನ ಪಾಲಿನ ಉಳ್ಳಾಗಡ್ಡಿ ಬರುತ್ತದೆ, ಜೊತೆಗೆ ಬೈಗುಳವೂ ಬರುತ್ತದೆ. ಮೊನ್ನೆ ಹೋದಾಗ ಬದುವಿನ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದಳು. "ಏ ಉರ್ಫವ್ವಾ, ಬಂದಿ ಏನ?"

ಓ ಎಂದೆ. ಈ ಮೂರನೇ ಹೆಸರಿಗೆ ಯಾವ ಆಫೀಸಿನವರು ಸಾಕ್ಷಿ ಕೇಳುತ್ತಾರೋ, ಕೇಳಲಿ ನೋಡೋಣ!